ಕೊಲೆಗಾರ ಯಾರು ಅನ್ನೋದು ಆಮೇಲೆ, ಮೊದಲು ಕಥೆ ಏನು ಹೇಳಿ: ಪತ್ತೇದಾರಿ ಕಾದಂಬರಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ತೇದಾರಿ ಕಾದಂಬರಿ ಓದುವ ಚಟ ನನಗೆ ಬಹಳ ಹಳೆಯದು. ಇದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಬಂದು "ಅರ್ಧ ಪುಸ್ತಕ ಆಯ್ತು, ತಲೆಬುಡ ತಿಳೀತಿಲ್ಲ" ಅಂತ ಕೂರುತ್ತಾರೆ. ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕೆಲವು ಪುಸ್ತಕಗಳ ಹೆಸರು ಬರುತ್ತವೆ, ಆದರೆ ಯಾವುದರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಧೈರ್ಯವಾಗಿ ಓದಿ.

## ಈಗಷ್ಟೇ ಶುರು ಮಾಡಿದವರಿಗೆ

ಐವತ್ತು ಪುಟ ಆಯ್ತು, ಇನ್ನೂ ಯಾರು ಯಾರು ಅಂತಲೇ ಗೊತ್ತಾಗ್ತಿಲ್ಲ. ನನ್ನ ತಲೆಯೇ ಸರಿ ಇಲ್ವಾ?

ತಲೆ ಸರಿಯಾಗೇ ಇದೆ. ಈ ಜಾತಿಯ ಕಾದಂಬರಿಯಲ್ಲಿ ಮೊದಲ ಐವತ್ತು ಪುಟದಲ್ಲಿ ಸಂತೆ ನೆರೆಯುವುದಕ್ಕೆ ಒಂದು ಕಾರಣ ಇದೆ. ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನ ಒಬ್ಬ ಪಾದ್ರಿ ಇದ್ದರು, ಅವರೇ ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಬರೆದರು. ಮೊದಲನೆಯದೇ, ಅಪರಾಧಿ ಕಥೆಯ ಶುರುವಿನಲ್ಲೇ ಓದುಗರ ಕಣ್ಣಿಗೆ ಬಿದ್ದಿರಬೇಕು ಅನ್ನುವುದು. ಕೊನೆ ಅಧ್ಯಾಯದಲ್ಲಿ ಎಲ್ಲಿಂದಲೋ ಬಂದವನನ್ನು ತೋರಿಸಿ ಇವನೇ ಕೊಲೆಗಾರ ಅನ್ನುವ ಹಾಗಿಲ್ಲ. ಕೊಲೆಗಾರ ಮೊದಲೇ ಬರಬೇಕು, ಆದರೆ ಒಬ್ಬನೇ ಬಂದರೆ ಸಿಕ್ಕಿಬೀಳುತ್ತಾನೆ. ಅದಕ್ಕೇ ಅವನ ಜೊತೆಗೆ ಎಂಟು ಹತ್ತು ಜನ ಒಟ್ಟಿಗೆ ನುಗ್ಗುತ್ತಾರೆ.

ಹಾಗಾಗಿ ಎಲ್ಲರನ್ನೂ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳಲು ಹೋಗಬೇಡಿ. ಒಬ್ಬೊಬ್ಬರ ಬಗ್ಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸತ್ತವರಿಗೆ ಇವರು ಏನಾಗಬೇಕು? ಅಣ್ಣನ ಮಗ, ಸಾಲ ಕೊಟ್ಟವನು, ಮಾಜಿ ಹೆಂಡತಿ, ಡಾಕ್ಟರ್. ಅಷ್ಟು ಸಾಕು. ಕಣ್ಣಿನ ಬಣ್ಣ, ಕೋಟು, ಟೋಪಿ ಎಲ್ಲ ಮರೆತರೂ ನಡೆಯುತ್ತದೆ, ಬೇಕಾದಾಗ ಲೇಖಕರೇ ನೆನಪಿಸುತ್ತಾರೆ.

ಬರೆದಿಟ್ಟುಕೊಂಡು ಓದಬೇಕಾ? ಇದೇನು ಪರೀಕ್ಷೆನಾ?

ಬೇಕಿಲ್ಲ. ಆದರೆ ನಾಲ್ಕು ದಿನಕ್ಕೊಮ್ಮೆ ಪುಸ್ತಕ ಕೈಗೆತ್ತಿಕೊಳ್ಳುವವರಾದರೆ ಒಂದು ಚೀಟಿ ಇಟ್ಟುಕೊಳ್ಳಿ. ಪುಟದ ಗುರುತಿಗೂ ಅದೇ ಆಯಿತು. ಒಂದು ಬದಿಯಲ್ಲಿ ಹೆಸರು ಮತ್ತು ಸಂಬಂಧ, ಇನ್ನೊಂದು ಬದಿಯಲ್ಲಿ ಇನ್ನೂ ಉತ್ತರ ಸಿಗದ ಪ್ರಶ್ನೆಗಳು. "ನಾಯಿ ಯಾಕೆ ಬೊಗಳಲಿಲ್ಲ", "ಎರಡನೇ ಲೋಟ ಯಾರದು", ಇಂಥವು. ಉತ್ತರ ಸಿಕ್ಕಿದ್ದನ್ನು ಹೊಡೆದುಹಾಕುತ್ತಾ ಹೋಗಿ. ನಿಜ ಹೇಳಬೇಕೆಂದರೆ ಹೆಸರಿನ ಪಟ್ಟಿಗಿಂತ ಈ ಪ್ರಶ್ನೆಗಳ ಪಟ್ಟಿಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದು ಕಾಲದಲ್ಲಿ ನಾನು ಇಡೀ ನೋಟ್‌ಬುಕ್ ತುಂಬಿಸುತ್ತಿದ್ದೆ. ಬಾಣದ ಗುರುತು, ಬಣ್ಣದ ಪೆನ್ನು, ಏನೇನೋ. ಕೊನೆಗೆ ಕಥೆ ಓದುತ್ತಿದ್ದೇನಾ ಲೆಕ್ಕ ಬರೆಯುತ್ತಿದ್ದೇನಾ ಅಂತ ನನಗೇ ಅನುಮಾನ ಬಂತು. ಈಗ ಒಂದು ಚೀಟಿ ಅಷ್ಟೇ, ತುಂಬಿದರೆ ಬರೆಯೋದು ನಿಲ್ಲಿಸುತ್ತೇನೆ. ಅಂದ ಹಾಗೆ ಅಗಾಥಾ ಕ್ರಿಸ್ಟಿಯವರ 73 ನೋಟ್‌ಬುಕ್‌ಗಳು ಉಳಿದುಕೊಂಡಿವೆ. ಅವುಗಳಲ್ಲಿ ಕೊಲೆಯ ಯೋಚನೆಗಳ ಪಕ್ಕದಲ್ಲೇ ಮನೆಸಾಮಾನಿನ ಪಟ್ಟಿಗಳೂ ಇವೆ, ಒಂದು ಕಾದಂಬರಿಯ ಟಿಪ್ಪಣಿ ಹತ್ತು ಕಡೆ ಚೆಲ್ಲಾಪಿಲ್ಲಿ. ಬರೆದವರ ಗತಿಯೇ ಇದಾದರೆ ಓದುವವರು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲಿಲ್ಲ ಅಂತ ಬೇಜಾರು ಯಾಕೆ?

ಬೇರೆ ದೇಶದ ಕಾದಂಬರಿ ಅಂದ್ರೆ ಹೆಸರಿನಲ್ಲೇ ಮುಗೀತು ನನ್ನ ಕಥೆ. ಒಬ್ಬನಿಗೆ ಮೂರು ಹೆಸರು ಯಾಕೆ?

ರಷ್ಯಾದ ಹೆಸರುಗಳ ಕಾಟ ಇದು. ಅಲ್ಲಿ ಒಬ್ಬರಿಗೆ ಸ್ವಂತ ಹೆಸರು, ಅಪ್ಪನ ಹೆಸರಿನಿಂದ ಬಂದದ್ದು, ಮನೆತನದ್ದು ಅಂತ ಮೂರು ಇರುತ್ತವೆ, ಜೊತೆಗೆ ಮುದ್ದಿನ ಹೆಸರು ಬೇರೆ. ದಾಸ್ತೋವ್ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ರಾಸ್ಕೋಲ್ನಿಕೊವ್, ರೊಡಿಯಾನ್ ರೊಮಾನೊವಿಚ್, ರೋದ್ಯಾ ಮೂವರೂ ಒಬ್ಬನೇ. ಪೊಲೀಸ್ ಅಧಿಕಾರಿ ಕರೆಯುವ ಹೆಸರು ಬೇರೆ, ಅಮ್ಮ ಕರೆಯುವ ಹೆಸರು ಬೇರೆ. ಯಾರು ಯಾವ ಹೆಸರಲ್ಲಿ ಕರೆಯುತ್ತಾರೆ ಅಂತ ಗಮನಿಸಿದರೆ ಅವರಿಬ್ಬರ ನಡುವಿನ ಸಲುಗೆ ಎಷ್ಟು ಅನ್ನುವುದೂ ತಿಳಿಯುತ್ತದೆ.

ಐಸ್‌ಲ್ಯಾಂಡಿನ ಕಥೆಗಳಲ್ಲಿ ಎಂಥ ದೊಡ್ಡವರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ಅದು ಅಲ್ಲಿನ ರೂಢಿ, ಸಲುಗೆ ಅಂತ ತಿಳಿಯಬೇಡಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅನುವಾದದಲ್ಲಿ ಕೆಲವರು ಅದನ್ನು ತಿರುಗಿಸಿ ಬರೆಯುತ್ತಾರೆ, ಕೆಲವರು ಹಾಗೇ ಬಿಡುತ್ತಾರೆ. ಚೀಟಿಯಲ್ಲಿ ಎರಡನ್ನೂ ಬರೆದುಕೊಂಡರೆ ಸಾಕು. ಕೆಲವು ಪುಸ್ತಕಗಳಲ್ಲಿ ಶುರುವಿಗೇ ಪಾತ್ರಗಳ ಪಟ್ಟಿ, ಮನೆಯ ನಕ್ಷೆ ಕೊಟ್ಟಿರುತ್ತಾರೆ. ಅದನ್ನು ಯಾರೂ ನೋಡಲ್ಲ. ನೋಡಿ!

ಕೊನೆ ಪುಟ ಮೊದಲೇ ನೋಡಿಬಿಟ್ಟೆ. ಈಗ ಓದಿ ಏನು ಪ್ರಯೋಜನ?

ಇದೆ. ಕೊಲೆಗಾರ ಯಾರು ಅಂತ ಮೊದಲೇ ಹೇಳಿ ಆಮೇಲೆ ಹೇಗೆ ಸಿಕ್ಕಿಬಿದ್ದ ಅಂತ ತೋರಿಸುವ ಕಥೆಗಳನ್ನು ಆರ್. ಆಸ್ಟಿನ್ ಫ್ರೀಮನ್ 1912ರ ಹೊತ್ತಿಗೇ ಪುಸ್ತಕವಾಗಿ ತಂದಿದ್ದರು. ನೀವು ನಿಮ್ಮ ಪುಸ್ತಕವನ್ನು ಆ ಜಾತಿಗೆ ಸೇರಿಸಿಬಿಟ್ಟಿರಿ, ಅಷ್ಟೇ.

## ನಡುವೆ ಸಿಕ್ಕಿಹಾಕಿಕೊಂಡವರಿಗೆ

ಕಥೆ ಹಿಂದೆ ಮುಂದೆ ಓಡ್ತಾನೇ ಇದೆ. ಅಸಲಿಗೆ ಏನು ನಡೀತು ಅಂತ ಹಿಡಿಯೋದು ಹೇಗೆ?

ನನ್ನನ್ನು ಕೇಳಿದರೆ ಎಲ್ಲ ಗೊಂದಲದ ಬೇರು ಇಲ್ಲೇ ಇದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಪತ್ತೇದಾರಿ ಕಾದಂಬರಿಯಲ್ಲಿ ಕಥೆ ಒಂದಲ್ಲ, ಎರಡು. ಒಂದು ಅಪರಾಧದ ಕಥೆ, ಇನ್ನೊಂದು ತನಿಖೆಯ ಕಥೆ. ಟೊಡೊರೊವ್ ಅನ್ನುವ ವಿಮರ್ಶಕ 1966ರಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಬಿಡಿಸಿಟ್ಟಿದ್ದಾರೆ. ಅಪರಾಧದ ಕಥೆ ನಡೆದು ಮುಗಿದಿರುತ್ತದೆ, ಆದರೆ ನಮ್ಮ ಕಣ್ಣೆದುರು ಇರುವುದಿಲ್ಲ. ತನಿಖೆಯ ಕಥೆ ಕಣ್ಣೆದುರಿಗೇ ಇರುತ್ತದೆ, ಆದರೆ ಅದರಲ್ಲಿ ಮುಖ್ಯವಾದದ್ದೇನೂ ನಡೆಯುವುದಿಲ್ಲ. ಯಾರೋ ಬರುತ್ತಾರೆ, ಪ್ರಶ್ನೆ ಕೇಳುತ್ತಾರೆ, ಹೋಗುತ್ತಾರೆ. ನಾವು ಪುಟ ತಿರುಗಿಸುತ್ತಿರುವುದು ಎರಡನೆಯದರಲ್ಲಿ, ತಿಳಿಯಬೇಕಾಗಿರುವುದು ಮೊದಲನೆಯದು.

ಒಂದು ಉದಾಹರಣೆ ಕಟ್ಟೋಣ. ಒಂದನೇ ಅಧ್ಯಾಯದಲ್ಲಿ ಒಬ್ಬ ವಕೀಲ ಸತ್ತು ಬಿದ್ದಿದ್ದಾನೆ. ನಾಲ್ಕರಲ್ಲಿ ಅವನ ಗುಮಾಸ್ತ, ಹಿಂದಿನ ದಿನ ಯಾರೋ ಬಂದು ಜಗಳ ಆಡಿದರು ಅನ್ನುತ್ತಾನೆ. ಒಂಬತ್ತರಲ್ಲಿ ಬೀರುವಿನಿಂದ ಒಂದು ಹಳೆಯ ಉಯಿಲು ಕಾಣೆಯಾಗಿದೆ ಅಂತ ಗೊತ್ತಾಗುತ್ತದೆ. ಹದಿನಾಲ್ಕರಲ್ಲಿ ಇಪ್ಪತ್ತು ವರ್ಷದ ಹಿಂದಿನ ಒಂದು ಪತ್ರ ಸಿಗುತ್ತದೆ. ಇದನ್ನು ಓದಿದ ಕ್ರಮದಲ್ಲೇ ತಲೆಯಲ್ಲಿ ಇಟ್ಟುಕೊಂಡರೆ ಹೆಣ, ಜಗಳ, ಉಯಿಲು, ಪತ್ರ ಅಂತ ನಾಲ್ಕು ಬಿಡಿ ಸಾಮಾನು. ನಡೆದ ಕ್ರಮಕ್ಕೆ ತಿರುಗಿಸಿ: ಇಪ್ಪತ್ತು ವರ್ಷದ ಹಿಂದೆ ಯಾರೋ ಯಾರಿಗೋ ಒಂದು ಮಾತು ಕೊಟ್ಟು ಪತ್ರ ಬರೆದರು, ಆಮೇಲೆ ಆ ಮಾತಿಗೆ ವಿರುದ್ಧವಾಗಿ ಉಯಿಲು ಆಯಿತು, ಮೊನ್ನೆ ಅದು ಯಾರಿಗೋ ಗೊತ್ತಾಗಿ ಜಗಳ ಆಯಿತು, ನಿನ್ನೆ ಕೊಲೆ. ಈಗ ಇವು ಒಂದಕ್ಕೊಂದು ಕೈ ಹಿಡಿದವು ಅಲ್ವಾ? ಇನ್ನೂ ಒಂದು ಲಾಭ ಇದೆ. ಎಲ್ಲಿ ಖಾಲಿ ಇದೆ ಅನ್ನುವುದೂ ಈಗ ಕಾಣುತ್ತದೆ. ಉಯಿಲಿನ ವಿಷಯ ಆ ಮನುಷ್ಯನಿಗೆ ಹೇಳಿದವರು ಯಾರು? ಅದನ್ನು ಚೀಟಿಗೆ ಬರೆಯಿರಿ.

ಫ್ಲ್ಯಾಶ್‌ಬ್ಯಾಕ್ ಬಂದಾಗಲೆಲ್ಲ ಮೊದಲು "ಇದು ಯಾವಾಗ ನಡೆದದ್ದು" ಅಂತ ಕೇಳಿ, "ಇದನ್ನು ಈಗ ಯಾಕೆ ಹೇಳಿದರು" ಅನ್ನುವುದನ್ನು ಆಮೇಲೆ ಕೇಳಿ. ಕೆಲವು ಕಾದಂಬರಿಗಳಲ್ಲಿ ಅಧ್ಯಾಯದ ತಲೆಯ ಮೇಲೆ ತಾರೀಕು ಇರುತ್ತದೆ. ನಾನೂ ಎಷ್ಟೋ ಸಲ ಅದನ್ನು ಹಾರಿಸಿಕೊಂಡು ಓದಿ, ನೂರು ಪುಟ ಆದಮೇಲೆ ವಾಪಸ್ ಬಂದಿದ್ದೇನೆ.

ಇಷ್ಟೊಂದು ಸುಳಿವು! ಯಾವುದು ನಿಜವಾದ್ದು, ಯಾವುದು ಸುಮ್ನೆ ದಾರಿ ತಪ್ಪಿಸೋಕೆ ಇಟ್ಟಿದ್ದು?

ದಾರಿ ತಪ್ಪಿಸುವ ಸುಳಿವು ಸಾಮಾನ್ಯವಾಗಿ ಸದ್ದು ಮಾಡುತ್ತದೆ. ರಕ್ತದ ಕಲೆ ಇರುವ ಕರವಸ್ತ್ರ, ನಡುರಾತ್ರಿ ಓಡಿಹೋದ ಆಳು, ಅರ್ಧ ಸುಟ್ಟ ಕಾಗದ. ಅಧ್ಯಾಯದ ಕೊನೆ ಸಾಲಿನಲ್ಲಿ ಬರುತ್ತದೆ, ಎದೆ ಝಲ್ ಅನ್ನಿಸುತ್ತದೆ. ನಿಜವಾದ ಸುಳಿವು ಪಟ್ಟಿಯ ನಡುವೆ ಕೂತಿರುತ್ತದೆ. ಸತ್ತವನ ಜೇಬಿನಲ್ಲಿ ಏಳು ವಸ್ತು ಇದ್ದವು ಅಂತ ಹೇಳಿ, ಏಳನ್ನೂ ಹೆಸರಿಸಿ, ಕೂಡಲೇ ಬಾಗಿಲು ಬಡಿದ ಸದ್ದು ಕೇಳಿಸುತ್ತಾರೆ. ನಾವು ಬಾಗಿಲ ಕಡೆ ತಿರುಗುತ್ತೇವೆ. ನಾಲ್ಕನೇ ವಸ್ತು ಏನು ಅಂತ ಯಾರಿಗೆ ನೆನಪಿರುತ್ತದೆ?

ಇನ್ನೊಂದು ವಿಷಯ. ಇಂಥ ಕಥೆಗಳಲ್ಲಿ ಎಲ್ಲರೂ ಏನಾದರೊಂದು ಮುಚ್ಚಿಡುತ್ತಿರುತ್ತಾರೆ. ಒಬ್ಬಳಿಗೆ ಗುಟ್ಟಿನ ಸಂಬಂಧ, ಒಬ್ಬನಿಗೆ ಜೂಜಿನ ಸಾಲ, ಇನ್ನೊಬ್ಬ ಹೆಸರೇ ಬದಲಿಸಿಕೊಂಡು ಬಂದವನು. ಅವರು ಹೇಳುವ ಸುಳ್ಳು ಆ ಗುಟ್ಟನ್ನು ಕಾಪಾಡಿಕೊಳ್ಳಲು, ಕೊಲೆಗೂ ಅದಕ್ಕೂ ಸಂಬಂಧ ಇರಲ್ಲ. ಕಥೆ ದಪ್ಪ ಆಗುವುದು ಇದರಿಂದಲೇ. ಹಾಗಾಗಿ ಸುಳ್ಳು ಸಿಕ್ಕಿದ ಕೂಡಲೇ "ಕೊಲೆಗಾರ ಸಿಕ್ಕಿದ" ಅಂತ ಕುಣಿಯಬೇಡಿ, ಈ ಸುಳ್ಳಿಗೆ ಬೇರೆ ಸಣ್ಣ ಕಾರಣ ಸಾಕಾಗುತ್ತದಾ ನೋಡಿ. ಸಾಕಾಗದೆ ಇರುವ ಸುಳ್ಳು ಒಂದು ಉಳಿಯುತ್ತದೆ, ಅದರ ಮೇಲೆ ಕಣ್ಣಿಡಿ.

ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅನ್ನೋ ಲೆಕ್ಕ ಬಂದ ಕೂಡಲೇ ಪುಟ ಹಾರಿಸ್ತೀನಿ. ಪರವಾಗಿಲ್ವಾ?

ಕೆಲವರ ಪುಸ್ತಕದಲ್ಲಿ ಪರವಾಗಿಲ್ಲ. ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ಅವರದ್ದಾದರೆ ಪುಸ್ತಕವನ್ನೇ ಹಾರಿಸಿದ ಹಾಗೆ. ಅವರು ರೈಲ್ವೆ ಎಂಜಿನಿಯರ್ ಆಗಿದ್ದವರು, ಅವರ ಕಥೆಗಳಲ್ಲಿ ಕೊಲೆಗಾರನ ಅಲಿಬಿ ರೈಲಿನ ವೇಳಾಪಟ್ಟಿಯ ಹಾಗೆ ನಿಮಿಷ ನಿಮಿಷಕ್ಕೂ ಕೂತಿರುತ್ತದೆ.

ಸುಲಭದ ದಾರಿ ಹೇಳುತ್ತೇನೆ. ಎಲ್ಲ ಗಂಟೆಗಳನ್ನೂ ತಲೆಗೆ ತುಂಬಿಕೊಳ್ಳಬೇಡಿ. ಅಲಿಬಿ ಅಂದರೆ "ಕೊಲೆಯಾದ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ" ಅನ್ನುವ ಮಾತು ತಾನೇ? ಆ ಮಾತಿನಲ್ಲೇ ಮೂರು ಸಂದು ಇವೆ: ಹೊತ್ತು, ಜಾಗ, ಆ "ನಾನು". ಕೊಲೆ ಆ ಹೊತ್ತಿಗೆ ಆಗಿರಲೇ ಇಲ್ಲವೇನೋ. ಅಲ್ಲಿ ಸತ್ತು ಇಲ್ಲಿಗೆ ತಂದು ಹಾಕಿದ್ದೇನೋ. ಸಾಕ್ಷಿ ನೋಡಿದ್ದು ಇವನನ್ನಲ್ಲ, ಇವನ ಕೋಟು ಹಾಕಿಕೊಂಡವನನ್ನೇನೋ. ಅಲಿಬಿ ಮುರಿಯುವುದು ಹೆಚ್ಚುಕಮ್ಮಿ ಈ ಮೂರರಲ್ಲಿ ಒಂದು ಕಡೆ.

ಡಾಕ್ಟರ್ ಹೇಳುವ ಹೊತ್ತನ್ನು ಕಲ್ಲಿನ ಮೇಲೆ ಬರೆದ ಹಾಗೆ ನಂಬಬೇಡಿ. ಸತ್ತ ಮೈ ಸೆಟೆದುಕೊಳ್ಳಲು ಶುರುವಾಗುವುದು ಸುಮಾರು 2ರಿಂದ 4 ಗಂಟೆಯಲ್ಲಿ, ಪೂರ್ತಿ ಸೆಟೆಯುವುದು ಸುಮಾರು 12 ಗಂಟೆಗೆ, ಆಮೇಲೆ ಮತ್ತೆ ಸಡಿಲವಾಗುತ್ತದೆ. ಸೆಕೆ ಇದ್ದರೆ ಇದೆಲ್ಲ ಬೇಗ, ಚಳಿ ಇದ್ದರೆ ನಿಧಾನ. ಕೋಣೆ ಬೆಚ್ಚಗಿತ್ತು, ಕಿಟಕಿ ತೆರೆದಿತ್ತು ಅಂತ ಲೇಖಕರು ಸುಮ್ಮನೆ ಹೇಳಿರಲ್ಲ. ಸತ್ತವರನ್ನು ಕೊನೆಯ ಸಲ "ಜೀವಂತ ನೋಡಿದೆ" ಅನ್ನುವವರು ನಿಜಕ್ಕೂ ನೋಡಿದರಾ, ಬಾಗಿಲ ಆಚೆಯಿಂದ ದನಿ ಮಾತ್ರ ಕೇಳಿದರಾ ಅಂತಲೂ ವಾಪಸ್ ಹೋಗಿ ಪರೀಕ್ಷಿಸಿ.

ಒಂದೇ ಪುಸ್ತಕದಲ್ಲಿ ನಾಲ್ಕು ಕೇಸ್ ಓಡ್ತಿದೆ. ಎಲ್ಲ ಕೊನೆಗೆ ಸೇರಲೇಬೇಕಾ?

ಸೇರಲೇಬೇಕು ಅಂತೇನಿಲ್ಲ. ಪೊಲೀಸ್ ಠಾಣೆಯ ಕಥೆಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಕೇಸುಗಳು ಒಟ್ಟಿಗೆ ಓಡುವುದುಂಟು, ಠಾಣೆಯ ದಿನಚರಿಯೇ ಹಾಗೆ. ಸೇರುತ್ತವೆ ಅಂತ ಕಾಯುತ್ತಾ ಕೂತರೆ ಇಲ್ಲದ ನಂಟುಗಳೆಲ್ಲ ಕಾಣಲು ಶುರುವಾಗುತ್ತವೆ. ಒಂದೇ ಹೆಸರು, ಒಂದೇ ಜಾಗ, ಒಂದೇ ವಸ್ತು ಎರಡು ಕೇಸಿನಲ್ಲೂ ಬಂದಾಗ ಮಾತ್ರ ತಲೆಕೆಡಿಸಿಕೊಳ್ಳಿ.

ಆಡಿಯೋದಲ್ಲಿ ಕೇಳಿದರೆ ಪೂರ್ತಿ ಕಳೆದುಹೋಗ್ತೀನಿ, ನನಗೆ ಮಾತ್ರ ಹೀಗಾ?

ಅಲ್ಲ, ನನಗೂ ಹಾಗೇ. ಪುಸ್ತಕದಲ್ಲಾದರೆ ಬೆರಳಿಟ್ಟು ಹಿಂದಕ್ಕೆ ಹೋಗಬಹುದು, ಕಿವಿಗೆ ಆ ಅನುಕೂಲ ಇಲ್ಲ. ಪಾತ್ರ ಕಡಿಮೆ ಇರುವ, ಒಬ್ಬರೇ ಹೇಳುವ ಕಥೆಗಳನ್ನು ಕೇಳಲು ಇಟ್ಟುಕೊಳ್ಳಿ. ಅಲಿಬಿ, ನಕ್ಷೆ ಇರುವಂಥವು ಓದಲಿಕ್ಕೇ ಸರಿ.

## ಪಳಗಿದವರಿಗೆ

ಕಥೆ ಹೇಳುವವನೇ ಸುಳ್ಳ ಆಗಿದ್ದರೆ ಏನು ಮಾಡೋದು?

ಒಳ್ಳೆಯ ಲೇಖಕರು ಕಥೆ ಹೇಳುವವನ ಬಾಯಲ್ಲಿ ಹಸಿಸುಳ್ಳು ಹೇಳಿಸುವುದು ಕಡಿಮೆ. ಬಿಟ್ಟುಬಿಡಿಸುತ್ತಾರೆ. "ಹತ್ತಕ್ಕೆ ಮಲಗಲು ಹೋದೆ, ಬೆಳಿಗ್ಗೆ ಗದ್ದಲ ಕೇಳಿ ಎದ್ದೆ." ಎರಡೂ ನಿಜ ಇರಬಹುದು. ಮಲಗಿದ ಅಂತ ಮಾತ್ರ ಎಲ್ಲೂ ಹೇಳಿಲ್ಲ! ಹಾಗಾಗಿ ಇಂಥವರ ವಿಷಯದಲ್ಲಿ ಹೇಳಿದ್ದಕ್ಕಿಂತ ಹಾರಿಸಿದ ಹೊತ್ತನ್ನು ಲೆಕ್ಕ ಹಾಕಿ.

ಇನ್ನೊಂದು ಬಗೆ, ಹೇಳುವವರು ಹಲವರು. ವಿಲ್ಕಿ ಕಾಲಿನ್ಸ್ ಅವರ 1868ರ 'ದಿ ಮೂನ್‌ಸ್ಟೋನ್' ಹೀಗೇ ಇದೆ, ಒಂದು ವಜ್ರ ಕಳುವಾದ ಕಥೆಯನ್ನು ಒಬ್ಬೊಬ್ಬರು ತಾವು ಕಂಡಷ್ಟನ್ನು ಮಾತ್ರ ಹೇಳುತ್ತಾರೆ. ಅಲ್ಲಿ ಯಾವ ಮಾತನ್ನು ನೆನಪಿಟ್ಟುಕೊಂಡರೂ ಹೇಳಿದವರ ಹೆಸರಿನ ಜೊತೆಗೇ ಇಟ್ಟುಕೊಳ್ಳಿ. "ಅವಳು ಕೋಪದಲ್ಲಿದ್ದಳು" ಅಲ್ಲ, "ಅವಳು ಕೋಪದಲ್ಲಿದ್ದಳು ಅಂತ ಅವಳನ್ನು ಕಂಡರಾಗದ ಅತ್ತೆ ಹೇಳಿದಳು."

ಲೇಖಕ ಮೋಸ ಮಾಡಿದ ಅಂತ ಯಾವಾಗ ಹೇಳಬಹುದು?

ಪತ್ತೇದಾರನಿಗೆ ಕಂಡ ಸುಳಿವು ನಿಮಗೆ ಕಾಣಿಸದಿದ್ದರೆ ಅದು ಮೋಸ. ಕಂಡೂ ನೀವು ಗಮನಿಸದಿದ್ದರೆ ಅದು ಅವರ ಗೆಲುವು. ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಇದಕ್ಕೆ ಇಪ್ಪತ್ತು ನಿಯಮ ಬರೆದರು. ನಾಕ್ಸ್ ಅವರ ಪಟ್ಟಿಯಲ್ಲಿ, ಮೊದಲೇ ಸೂಚನೆ ಕೊಡದೆ ಅವಳಿ ಜವಳಿಯನ್ನು ತರಬಾರದು, ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು ಅನ್ನುವುದೂ ಇದೆ. ಒಂದಕ್ಕೆ ರಿಯಾಯಿತಿ ಯಾಕೆ ಕೊಟ್ಟರೋ!

ಎಲ್ಲರಿಗಿಂತ ನೇರವಾಗಿ ಆಡಿದವರು ಎಲರಿ ಕ್ವೀನ್. ಅದು ಇಬ್ಬರು ಸೋದರ ಸಂಬಂಧಿಗಳು ಸೇರಿ ಇಟ್ಟುಕೊಂಡ ಹೆಸರು. ಅವರ ಆರಂಭದ ಕಾದಂಬರಿಗಳಲ್ಲಿ ಕೊನೆಯ ವಿವರಣೆಗೆ ಮೊದಲು ಕಥೆಯನ್ನೇ ನಿಲ್ಲಿಸಿ, ಬೇಕಾದ ಸುಳಿವೆಲ್ಲ ನಿಮ್ಮ ಕೈಯಲ್ಲಿದೆ, ಈಗ ನೀವೇ ಹೇಳಿ ಅಂತ ಸವಾಲು ಹಾಕುತ್ತಾರೆ. ಬೇರೆಯವರ ಪುಸ್ತಕದಲ್ಲೂ ನಾನು ಆ ಜಾಗ ಹುಡುಕಿ ನಿಲ್ಲುತ್ತೇನೆ. ಪತ್ತೇದಾರ "ಎಂಥ ಮೂರ್ಖ ನಾನು!" ಅಂತ ಎದ್ದು ನಿಂತನಾ, ಎಲ್ಲರನ್ನೂ ಒಂದು ಕೋಣೆಗೆ ಕರೆದನಾ, ಪುಸ್ತಕ ಮುಚ್ಚಿ ಒಂದು ರಾತ್ರಿ ಬಿಡಿ. ಚೀಟಿ ಹೊರಗೆ ಬರಬೇಕಾದ್ದು ಆವಾಗಲೇ.

ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಕೊಲೆ. ವಿವರಣೆ ಓದಿದರೂ ನಂಬಿಕೆ ಬರಲ್ಲ.

ಇದು ಈ ಜಾತಿಯ ಕಥೆಯಷ್ಟೇ ಹಳೆಯ ವರಸೆ. ಮೊದಲ ಪತ್ತೇದಾರಿ ಕಥೆ ಅಂತ ಸಾಮಾನ್ಯವಾಗಿ ಹೆಸರಿಸುವ ಎಡ್ಗರ್ ಅಲನ್ ಪೋ ಅವರ 1841ರ ಕಥೆಯಲ್ಲೂ ಕೋಣೆ ಒಳಗಿನಿಂದ ಮುಚ್ಚಿದೆ. ಜಾನ್ ಡಿಕ್ಸನ್ ಕಾರ್ ಅಂತೂ 1935ರ 'ದಿ ಹಾಲೋ ಮ್ಯಾನ್'ನಲ್ಲಿ ಕಥೆ ನಿಲ್ಲಿಸಿ, ಬೀಗ ಹಾಕಿದ ಕೋಣೆಯಲ್ಲಿ ಕೊಲೆ ಮಾಡುವ ವಿಧಾನಗಳ ಬಗ್ಗೆ ಒಂದು ಇಡೀ ಅಧ್ಯಾಯ ಉಪನ್ಯಾಸ ಕೊಡಿಸಿದ್ದಾರೆ. ಅದೊಂದನ್ನು ಓದಿದರೆ ಮುಂದೆ ಈ ಬಗೆಯ ಕಥೆಗಳಲ್ಲಿ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಬಾಗಿಲು ಬೀಗ ಹಾಕಿತ್ತು ಅಂತ ಹೇಳಿದವರು ಯಾರು, ಬಾಗಿಲು ಒಡೆದಾಗ ಒಳಗೆ ಮೊದಲು ಕಾಲಿಟ್ಟವರು ಯಾರು.

ಅದೇ ಸುಳಿವುಗಳಿಂದ ನನ್ನ ಉತ್ತರವೂ ಬರುತ್ತಲ್ವಾ? ನಿಜ ಹೇಳ್ತೀನಿ, ನನ್ನದೇ ಚೆನ್ನಾಗಿತ್ತು.

ಇರಬಹುದು, ನಗುತ್ತಿಲ್ಲ. ಆಂಟನಿ ಬರ್ಕ್ಲಿ 1929ರಲ್ಲಿ ಬರೆದ 'ದಿ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್'ನಲ್ಲಿ ಇದೇ ತಮಾಷೆ. ಒಂದು ಕ್ಲಬ್ಬಿನ ಆರು ಜನ ಒಂದೇ ಕೊಲೆಗೆ ಒಬ್ಬೊಬ್ಬರಾಗಿ ಉತ್ತರ ಕೊಡುತ್ತಾರೆ, ಪ್ರತಿ ಉತ್ತರವೂ ಕೇಳುವಾಗ ಸರಿ ಅನ್ನಿಸುತ್ತದೆ. ಸುಳಿವುಗಳಿಂದ ಒಂದೇ ಉತ್ತರ ಬರುತ್ತದೆ ಅನ್ನುವುದು ಪತ್ತೇದಾರನ ಜಂಬ. ಆದರೆ ನಿಮ್ಮ ಉತ್ತರವನ್ನು ಒಂದು ಸಲ ಹೀಗೆ ನೋಡಿ: ಅದು ಎಷ್ಟು ಸುಳಿವುಗಳಿಗೆ ಉತ್ತರ ಕೊಡುತ್ತದೆ ಅಂತಲ್ಲ, ಯಾವುದನ್ನು ಬಿಟ್ಟಿದೆ ಅಂತ. ನನ್ನ ಎಷ್ಟೋ ಭರ್ಜರಿ ಉತ್ತರಗಳು ಬಿದ್ದುಹೋದದ್ದು, ನಾನೇ ಚೀಟಿಯಲ್ಲಿ ಬರೆದು ಮರೆತ ಒಂದು ಸಾಲಿನಿಂದ.

ವಿವರಣೆಯನ್ನು ಎರಡು ಸಲ ಓದಿದೆ, ಆದರೂ ಒಂದು ಎಳೆ ಹಾಗೇ ನೇತಾಡ್ತಿದೆ. ತಪ್ಪು ನನ್ನದಾ, ಪುಸ್ತಕದ್ದಾ?

ಮೊದಲು ನಿಮ್ಮದು ಅಂತಲೇ ಇಟ್ಟುಕೊಳ್ಳಿ. ಆ ಎಳೆ ಮೊದಲು ಬಂದ ಪುಟ ಹುಡುಕಿ, ಅಲ್ಲಿಂದ ಆ ಪಾತ್ರ ಬರುವ ಕಡೆ ಮಾತ್ರ ಓದುತ್ತಾ ಬನ್ನಿ. ಹತ್ತರಲ್ಲಿ ಎಂಟು ಸಲ ಉತ್ತರ ಯಾವುದೋ ಮಾತುಕತೆಯ ಅರ್ಧ ಸಾಲಿನಲ್ಲಿ ಸಿಗುತ್ತದೆ, ನಾವು ನಿದ್ದೆಗಣ್ಣಲ್ಲಿ ದಾಟಿಸಿರುತ್ತೇವೆ. ಅನುವಾದವಾದರೆ ಅಲ್ಲೂ ಒಂದು ಕಣ್ಣಿಡಿ, ಮಾತಿನ ಶ್ಲೇಷೆಯ ಮೇಲೆ ನಿಂತ ಸುಳಿವು ಇನ್ನೊಂದು ಭಾಷೆಗೆ ಬರುವಾಗ ಸೋರಿಹೋಗುವುದುಂಟು.

ಅಷ್ಟಾದರೂ ಸಿಗದಿದ್ದರೆ ತಪ್ಪು ಪುಸ್ತಕದ್ದೇ ಇರಬಹುದು. ರೇಮಂಡ್ ಚಾಂಡ್ಲರ್ ಅವರ 'ದಿ ಬಿಗ್ ಸ್ಲೀಪ್' ಬಂದದ್ದು 1939ರಲ್ಲಿ. ಮೊದಲು ಪತ್ರಿಕೆಗೆ ಬರೆದಿದ್ದ ಸಣ್ಣ ಕಥೆಗಳನ್ನು ಬಿಚ್ಚಿ ಹೊಲಿದು ಮಾಡಿದ ಕಾದಂಬರಿ ಅದು. ಅದರಲ್ಲಿ ಒಬ್ಬ ಡ್ರೈವರ್ ಸಾಯುತ್ತಾನೆ. ಹೋವರ್ಡ್ ಹಾಕ್ಸ್ ಅದನ್ನು ಸಿನಿಮಾ ಮಾಡುವಾಗ, ಅವನು ತಾನಾಗಿ ಸತ್ತದ್ದಾ ಯಾರಾದರೂ ಕೊಂದದ್ದಾ ಅಂತ ನಿರ್ದೇಶಕರಿಗೂ ನಟ ಬೋಗಾರ್ಟ್‌ಗೂ ವಾದ ಹತ್ತಿತಂತೆ. ಬರೆದವರನ್ನೇ ಕೇಳೋಣ ಅಂತ ಚಾಂಡ್ಲರ್‌ಗೆ ತಂತಿ ಕಳಿಸಿದರು. ನನಗೂ ಗೊತ್ತಿರಲಿಲ್ಲ ಅಂತ ಚಾಂಡ್ಲರ್ ಆಮೇಲೆ ಒಂದು ಪತ್ರದಲ್ಲಿ ಬರೆದುಕೊಂಡಿದ್ದಾರೆ. ಆ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೇನೆ, ನಾಲ್ಕನೇ ಸಲವೂ ಓದುತ್ತೇನೆ. ನನ್ನ ಪ್ರತಿಯಲ್ಲಿ ಚೀಟಿ ಇನ್ನೂ ಇದೆ. ಎಲ್ಲ ಸಾಲೂ ಹೊಡೆದುಹಾಕಿದ್ದೇನೆ, ಡ್ರೈವರ್‌ದೊಂದು ಬಿಟ್ಟು.